ಐದು ವೋಲ್ಟಿಗೆ ಲೈನ್ ಕ್ಲಿಯರ್

ಅವತ್ತು ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದು, ಇವರನ್ನು ಅಕ್ಕಿ ಮಿಲ್ಲಿಗೆ ಕಳಿಸಿ, ಹಂಚು ತೊಳೆಯುತ್ತಿದ್ದೆ. ತಿರುಗಿದರೆ ಬಾಗಿಲಲ್ಲಿ ಹುಸೇನಸಾಬ್ ಚಾಚಾ. ಮೊಣಕೈವರೆಗೆ ರಬ್ಬರ್ ಕೈಗವಸು, ತಲೆಗೆ ಹಳದಿ ಹೆಲ್ಮೆಟ್, ಬಗಲಲ್ಲಿ ಮರದ ಮಣೆ, ಒಂದು ಕೆಂಪು ಬೋರ್ಡು.

"ಬೇಟಿ, ವೋಲ್ಟೇಜ್ ಅಂದ್ಯಂತ?"

ಅಂದಿದ್ದೆ, ಅಕ್ಕನಿಗೆ ಫೋನಿನಲ್ಲಿ. ಪಕ್ಕದ ಮನೆಯ ಗೌರವ್ವ ಗೋಡೆಯಾಚೆ ಕೇಳಿಸಿಕೊಂಡು ಸುದ್ದಿ ಮುಟ್ಟಿಸಿದ್ದರು.

ಚಾಚಾ ಗಂಗಾವತಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕಂಬ ಹತ್ತುವುದು ನಿಂತಿತ್ತು, ಕಂಬದ ಶಿಸ್ತು ನಿಂತಿರಲಿಲ್ಲ. ಟಾರ್ಚಿನ ಸೆಲ್ ಬದಲಿಸಲೂ ಮಣೆಯ ಮೇಲೆ ನಿಲ್ಲುತ್ತಿದ್ದರು. ಮೊಮ್ಮಗಳ ಮದುವೆಗೆ ದೀಪದ ಸರ ಕಟ್ಟಲು ಬಂದವನು, "ಆಫ್ ಐತಿ ಚಾಚಾ" ಎಂದ. "ಆಫ್ ಐತಿ ಅಂದೋರ ಮಾತು ಕೇಳಿ ನನ್ನ ಜೋಡಿ ಲೈನ್‌ಮನ್ ಇದ್ದ ರಜಾಕ ಕಂಬದ ಮ್ಯಾಲಿಂದ ಬಿದ್ದ" ಎಂದವರೇ ಮೇನ್ ಸ್ವಿಚ್ ಇಳಿಸಿ, ಅದರ ಮುಂದೆ ಕುರ್ಚಿ ಹಾಕಿ ಕೂತುಬಿಟ್ಟರು. ಮದುಮಕ್ಕಳು ಮೊಬೈಲಿನ ಬೆಳಕಲ್ಲಿ ನಿಕಾಹದ ಕಾಗದಕ್ಕೆ ಸಹಿ ಹಾಕಿದರು.

ನನ್ನ ಬಳಿ ಇದ್ದದ್ದು ತೀರಿಹೋದ ತಮ್ಮನ ವಿಡಿಯೊ ಆಟದ ಕಾರ್ಟ್ರಿಜ್, ಬೆಂಕಿಪೊಟ್ಟಣದಷ್ಟು. ಆಟದೊಳಗೆ ಅವನೊಂದು ಹೊಲ ಮಾಡಿದ್ದ. ಆಡುವ ಯಂತ್ರ ಕೆಟ್ಟಿತ್ತು. ಹೊಲವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು, ಕಾರ್ಟ್ರಿಜ್ ಕೂರಿಸಿ ಓದಿಸುವ ರೀಡರ್ ತರಿಸಿದ್ದೆ. ಅದರ ಪಕ್ಕಕ್ಕೆ ಅಕ್ಕಿಕಾಳಿನಷ್ಟು ಸ್ವಿಚ್ಚು: ಹಳೆಯ ದೊಡ್ಡ ಕಾರ್ಟ್ರಿಜ್‌ಗೆ ಐದು ವೋಲ್ಟ್, ಸಣ್ಣದಕ್ಕೆ ಮೂರು ಪಾಯಿಂಟ್ ಮೂರು. ತಪ್ಪಿದರೆ ಕಾರ್ಟ್ರಿಜ್ ಸುಟ್ಟೀತು ಎಂದು ಜೊತೆಗೆ ಬಂದ ಚೀಟಿ ಎಚ್ಚರಿಸಿತ್ತು. ಇದನ್ನೆಲ್ಲ ಚಾಚಾಗೆ ಹೇಳಿದೆ.

"ಬರೇ ಐದು ವೋಲ್ಟ್ ಚಾಚಾ, ಇರಿವಿ ಸೈತ ಸಾಯಂಗಿಲ್ಲ."

"ಕರೆಂಟಿಗೆ ಎಣಿಸಾಕ ಬರ್ತೈತೇನ? ಹೊಲದಾಗ ಏನ ಹಾಕ್ಯಾನ ತಮ್ಮ?"

"ಕ್ಯಾರೆಟ್."

"ಭತ್ತದ ಸೀಮ್ಯಾಗ ಗಜ್ಜರಿ!" ಎಂದು ನೊಂದುಕೊಂಡು ಕೆಲಸಕ್ಕಿಳಿದರು.

ಕಂಬ ಹತ್ತುವ ಮುಂಚೆ ಲೈನ್ ಸತ್ತಿದೆ ಎಂದು ಖಚಿತಪಡಿಸಿಕೊಂಡು ಪಡೆಯುವ ಅಪ್ಪಣೆಗೆ ಲೈನ್ ಕ್ಲಿಯರ್ ಎನ್ನುತ್ತಾರೆ. ಚಾಚಾ ಅದನ್ನು ಗೌರವ್ವನಿಂದ ಪಡೆದರು, ಏಕೆಂದರೆ ನಮ್ಮಿಬ್ಬರ ಮನೆಗೂ ಒಂದೇ ಮೇನ್. ಅದನ್ನು ಇಳಿಸಿ ಆಕೆಯನ್ನೇ ಕಾವಲಿಗೆ ನಿಲ್ಲಿಸಿದರು.

"ಮಿಕ್ಸರ್‌ನ್ಯಾಗ ಚಟ್ನಿ ಅರ್ಧಕ್ಕ ನಿಂತೈತ್ರೀ!"

"ಚಟ್ನಿ ತಡೀತೈತಿ. ಜೀವ ತಡಿಯಂಗಿಲ್ಲ."

ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ ಎಂದೆ. "ಹಂಗಾದ್ರ ಅದು ಕಳ್ಳ ಲೈನ್" ಎಂದು ಅದನ್ನೂ ಆರಿಸಿ, ರೀಡರಿನ ವೈರು ಕಿತ್ತು, 'ಮನುಷ್ಯರು ಕೆಲಸದಲ್ಲಿದ್ದಾರೆ' ಎಂಬ ಕೆಂಪು ಬೋರ್ಡನ್ನು ಅದಕ್ಕೆ ಆನಿಸಿದರು. ನನ್ನನ್ನು ಮಣೆಯ ಮೇಲೆ ಹತ್ತಿಸಿದರು.

"ಚೀಟಿ ಓದು, ಜೋರಾಗಿ. ಆಮ್ಯಾಲ ಸ್ವಿಚ್ ಓದು. ಮೂರು ಸಲ."

ಕಾನ್ವೆಂಟಿನ ಪ್ರಾರ್ಥನೆಯ ದನಿಯಲ್ಲಿ ಓದಿದೆ. ಚೀಟಿ: ಸಣ್ಣದಕ್ಕೆ ಮೂರು ಪಾಯಿಂಟ್ ಮೂರು. ಸ್ವಿಚ್ಚು: ಐದು. ಎರಡನೆಯ ಸಲವೂ ಹಾಗೆಯೇ ಓದಿದೆ. ಮೂರನೆಯ ಸಲ ನಾಲಿಗೆ ನಿಂತಿತು. ನನ್ನ ಬೆರಳಲ್ಲಿದ್ದದ್ದು ಸಣ್ಣ ಕಾರ್ಟ್ರಿಜ್.

ಏನು ತಪ್ಪಾಗಿತ್ತೆಂದು ಚಾಚಾಗೆ ಗೊತ್ತಾಗಲಿಲ್ಲ. ನನ್ನ ಮುಖ ನೋಡಿ, "ಅದಕ್ಕ ಮೂರು ಸಲ" ಎಂದರಷ್ಟೇ.

ತಲೆಯ ಪಿನ್ನಿನಿಂದ ಸ್ವಿಚ್ಚನ್ನು ಮೂರು ಪಾಯಿಂಟ್ ಮೂರಕ್ಕೆ ಸರಿಸಿದೆ. ಕಾರ್ಟ್ರಿಜ್ ಕೂರಿಸಿ, ಆಮೇಲೆ ವೈರು ಜೋಡಿಸಿ, ಲ್ಯಾಪ್‌ಟಾಪ್ ಹಚ್ಚಿದೆ. ಪರದೆಯ ಮೇಲೆ ಹೊಲ ಬಂತು. ಚಾಚಾ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡರು, ಆಮೇಲೆ ಓಣಿಗೆಲ್ಲ ಕೇಳುವಂತೆ, "ಲೈನ್ ವಾಪಸ್!" ಎಂದು ಕೂಗಿದರು. ಗೌರವ್ವ ಮೇನ್ ಎತ್ತಿದ್ದೇ ಗೋಡೆಯಾಚೆ ಮಿಕ್ಸರ್ ಗುರ್ರೆಂದಿತು, ನಾವಿಬ್ಬರೂ ಮಣೆಯ ಮೇಲೆ ಹಾರಿದೆವು.

ಚಾಚಾ ಪಡೆದ ಕೊನೆಯ ಲೈನ್ ಕ್ಲಿಯರ್ ಅದು. ಆ ತಿಂಗಳೇ ನಿದ್ದೆಯಲ್ಲಿ ಹೋಗಿಬಿಟ್ಟರು. ಈಗ ನಮ್ಮ ಓಣಿಯವರು ಬಲ್ಬನ್ನು ಬರಿಗೈಯಲ್ಲಿ ಬದಲಿಸುತ್ತಾರೆ. ನನಗೆ ಮಾತ್ರ ಆಗುವುದಿಲ್ಲ.

ಹೊಲ ಪರದೆಗೆ ಬಂದ ಆ ದಿನ ಸಂಜೆ ಗೌರವ್ವ ಹೆಪ್ಪಿಗೆ ಮೊಸರು ಕೇಳಲು ಬಂದವರು, ಪರದೆಯ ಹತ್ತಿರ ಬಗ್ಗಿ ನೋಡಿದರು. ಗಜ್ಜರಿಯ ಸಾಲು, ಸಾಲಿನ ಕೆಳಗೆ ಕಪ್ಪಗೆ ನೆನೆದ ಮಣ್ಣು.

"ಇನ್ನೂ ಹಸಿ ಐತಲ್ರೀ ಅಕ್ಕಾರ," ಎಂದರು ಬಟ್ಟಲು ಚಾಚುತ್ತ. "ಈಗಷ್ಟ ನೀರು ಬಿಟ್ಟು ಹೋಗ್ಯಾನೇನ ನಿಮ್ಮ ತಮ್ಮ?"