ಕೇಕಿನ ಜೊತೆ ಬೂತಾಯಿ

ಗಿರಿಜ ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಟೈಲರ್. ಶಾಲೆಯ ಯೂನಿಫಾರ್ಮ್ ಹೊಲಿಯುವುದರಲ್ಲಿ ಅವಳಿಗೆ ಒಳ್ಳೆಯ ಹೆಸರು. ಹೇಳಿದ ದಿನಕ್ಕೆ ಕೊಡುವುದರಲ್ಲಿ ಅಷ್ಟು ಹೆಸರಿಲ್ಲ, ಅದಕ್ಕೆ ಕಾರಣ ನಾವು. ನಾವು ಅಂದರೆ ಪಕ್ಕದ ಝೆರಾಕ್ಸ್ ಅಂಗಡಿಯ ನಾನು, ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದು ಇನ್ಶೂರೆನ್ಸ್ ಮಾಡಿಸುವ ಪದ್ದು, ಗಂಗೊಳ್ಳಿಯಿಂದ ಮೀನು ತಂದು ಮಾರುವ ಸುಂದರಿ. ಬುಟ್ಟಿ ಖಾಲಿ ಮಾಡಿ ಸುಂದರಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಳೆಂದರೆ ನಮ್ಮ ಸಭೆ ಶುರು. ವಿಷಯ ಒಂದೇ: ಇಂಗ್ಲೆಂಡಿನ ಹಳೆಯ ಕಾಲದ ಹೆಣ್ಣುಮಕ್ಕಳ ಹಾಸ್ಟೆಲ್ ಶಾಲೆಯ ಕಥೆಗಳು.

ನಗಬೇಡಿ. ಗಿರಿಜಳ ಅಪ್ಪ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದವರು. ಊರಿಗೆ ಬರುವಾಗ ಮಗಳಿಗೆಂದು ರದ್ದಿ ಅಂಗಡಿಯಿಂದ ಪುಸ್ತಕ ಕಟ್ಟಿಸಿಕೊಂಡು ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಮುಖಪುಟದಲ್ಲಿ ಹುಡುಗಿಯರ ಚಿತ್ರ ಕಂಡರೆ ಸಾಕು. ಗಿರಿಜ ಡಿಕ್ಷನರಿ ಹಿಡಿದು ಓದಿ ಓದಿ ಇಂಗ್ಲಿಷ್ ಕಲಿತದ್ದೇ ಹಾಗೆ. ನನ್ನನ್ನೂ ಹಾಸ್ಟೆಲಿಗೆ ಹಾಕಿ ಎಂದು ಹಟ ಹಿಡಿದು ಊಟ ಬಿಟ್ಟದ್ದೂ ಉಂಟಂತೆ. ಹತ್ತನೇ ಕ್ಲಾಸಾದ ಮೇಲೆ ಮನೆಯವರು ಅವಳನ್ನು ಟೈಲರಿಂಗ್ ಕಲಿಯಲು ಕಳಿಸಿದರು.

ಈಗ ಮೆಶಿನ್ ತುಳಿಯುತ್ತ ಆ ಕಥೆಗಳನ್ನು ನಮಗೆ ಹೇಳುತ್ತಾಳೆ. ಅವಳ ಬಾಯಲ್ಲಿ ಹೆಡ್‌ಗರ್ಲ್ ಬೈಯುವುದು ಕುಂದಾಪ್ರ ಕನ್ನಡದಲ್ಲಿ, ಫ್ರೆಂಚ್ ಟೀಚರ್ ಅಳುವುದೂ ಅದರಲ್ಲೇ. ಕೇಳಿದ್ದನ್ನೇ ಕೇಳಿ ನಾವು ಜಗಳಾಡುತ್ತೇವೆ. ಜಂಬದ ಹುಡುಗಿಯನ್ನು ಕ್ಷಮಿಸಬಾರದಿತ್ತು ಎಂದು ನಾನು, ಪಾಪ ಅವಳಿಗೆ ತಾಯಿಯಿಲ್ಲ ಎಂದು ಪದ್ದು. ಸುಂದರಿಯ ತಕರಾರೇ ಬೇರೆ. ಕಥೆಯ ಹುಡುಗಿಯರು ಕದ್ದು ಔತಣ ಮಾಡುವಾಗ ಕೇಕಿನ ಜೊತೆ ಡಬ್ಬಿಯ ಬೂತಾಯಿ ಮೀನು ತಿನ್ನುತ್ತಾರೆ. ಮೀನನ್ನು ಡಬ್ಬಿಯಲ್ಲಿಡುವುದೇ ಅವಳಿಗೆ ಅವಮಾನ, ಅದರ ಮೇಲೆ ಕೇಕು ಬೇರೆ.

"ಆ ಮಕ್ಳ್ ಹೊಟ್ಟಿ ಎಂತದ್ರಲ್ ಮಾಡಿದ್ ಮಾರಾಯ್ತಿ?" ಎಂದು ಪ್ರತಿ ಸಲವೂ ಕೇಳುತ್ತಾಳೆ.

ಹೀಗಿರುವಾಗ ಗಿರಿಜಳ ಮಗಳು ಶ್ರಾವ್ಯ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಮಾರ್ಕು ತೆಗೆದಳು. ಇನ್ನು ಗಿರಿಜಳನ್ನು ಹಿಡಿಯುವವರು ಯಾರು? ದೂರದ ಊರಿನ ದೊಡ್ಡ ಹಾಸ್ಟೆಲ್ ಕಾಲೇಜಿಗೆ ಸೇರಿಸಿಯೇ ಬಿಟ್ಟಳು. ಗೆಳತಿಯರ ಜೊತೆ ಇಲ್ಲೇ ಸರಕಾರಿ ಕಾಲೇಜಿಗೆ ಹೋಗುತ್ತೇನೆ ಎಂದು ಹುಡುಗಿ ಒಮ್ಮೆ ಮೆಲ್ಲಗೆ ಹೇಳಿದ್ದಳು. ನಾವು ಟ್ರಂಕು ತುಂಬುವ ಗಡಿಬಿಡಿಯಲ್ಲಿದ್ದೆವು. ಕಥೆಯಲ್ಲಿ ತಿಂಡಿಯ ಪೆಟ್ಟಿಗೆ ಇಲ್ಲದೆ ಯಾರೂ ಹಾಸ್ಟೆಲಿಗೆ ಹೋಗುವುದಿಲ್ಲವಲ್ಲ! ಪದ್ದುವಿನ ಚಕ್ಕುಲಿ, ನನ್ನ ಹಲ್ವ, ಸುಂದರಿಯ ಒಣ ಸೀಗಡಿ ಚಟ್ನಿ. ಅಲ್ಲಿ ಗೇಟಿನಲ್ಲೇ ಪೆಟ್ಟಿಗೆ ಬಿಚ್ಚಿಸಿದರು. ಮೊಟ್ಟೆಯೂ ಒಳಗೆ ಹೋಗದ ಶುದ್ಧ ಸಸ್ಯಾಹಾರಿ ಜಾಗ ಅದು. ಗಿರಿಜ ಚಟ್ನಿಯ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದಳು.

ಭಾನುವಾರ ಹಾಸ್ಟೆಲಿನವರು ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ನಾವು ರಜೆಯ ದಿನವೂ ಗಿರಿಜಳ ಅಂಗಡಿ ತೆರೆಸಿ, ಸ್ಪೀಕರ್ ಹಾಕಿಸಿ ಕೂತೆವು. ಮೊದಲ ಸಲ ಶ್ರಾವ್ಯ ಊಟ ಆಯ್ತು, ನಿದ್ದೆ ಆಯ್ತು ಎಂದಷ್ಟೇ ಹೇಳಿದಳು. ಅದು ಬಿಡು, ವಿಶೇಷ ಏನು, ಜಗಳ ಯಾರದು, ಕಳ್ಳಿ ಯಾರು ಎಂದು ನಾವು ಪೀಡಿಸಿದೆವು. ಮುಂದಿನ ವಾರದಿಂದ ಸುದ್ದಿಯೇ ಸುದ್ದಿ. ಆಟದಲ್ಲಿ ಕೊನೆಯ ನಿಮಿಷದಲ್ಲಿ ಗೆದ್ದರಂತೆ. ಮೋಕ್ಷಿತಾ ಎಂಬ ಜಂಬದ ಹುಡುಗಿ ಎಲ್ಲರ ಮುಂದೆ ಕ್ಷಮೆ ಕೇಳಿದಳಂತೆ. ಸೀಮೆಸುಣ್ಣಕ್ಕೆ ಸೋಪು ಬಳಿದು ಮೇಷ್ಟರನ್ನು ಸತಾಯಿಸಿದರಂತೆ.

ಎಲ್ಲವೂ ನಮಗೆ ಗೊತ್ತಿದ್ದ ಕಥೆಗಳೇ. ಇದು ನೀಲಿ ರಟ್ಟಿನ ಪುಸ್ತಕದ್ದು, ಇದು ಹರಿದ ಪುಸ್ತಕದ್ದು ಎಂದು ಪದ್ದು ಗುರುತು ಹಿಡಿಯುತ್ತಿದ್ದಳು. ಆದರೂ ಅನುಮಾನ ಬರಲಿಲ್ಲ ನೋಡಿ. ಪುಸ್ತಕದವರು ಸುಳ್ಳು ಬರೆದಿಲ್ಲ, ಹಾಸ್ಟೆಲ್ ಅಂದರೆ ಎಲ್ಲ ಕಡೆ ಹೀಗೆಯೇ ಎಂದು ಬೀಗಿದೆವು. ಇಷ್ಟು ದಡ್ಡರಾಗಬೇಕಾದರೆ ಆ ಕಥೆಗಳ ಹುಚ್ಚು ನಮ್ಮಷ್ಟೇ ಇರಬೇಕು.

ಒಂದು ಭಾನುವಾರ ಹುಡುಗಿ ಔತಣದ ಸುದ್ದಿ ತೆಗೆದಳು. ಎಲ್ಲರೂ ಮಲಗಿದ ಮೇಲೆ ಹಾಸಿಗೆಯ ಮೇಲೆ ಸುತ್ತ ಕೂತು ತಿಂದರಂತೆ, ಕೇಕು ಮತ್ತು ಡಬ್ಬಿಯ ಬೂತಾಯಿ. ಸುಂದರಿ ತನ್ನ ತಕರಾರು ಮರೆತು ಖುಷಿಯಲ್ಲಿ ಚಪ್ಪಾಳೆ ತಟ್ಟಿದಳು. ನಾವೂ ನಕ್ಕೆವು. ಗಿರಿಜ ನಗಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದಳು.

"ಮಗಾ, ಅಲ್ಲ್ ಮೊಟ್ಟಿನೂ ಒಳ್ಗ್ ಬಿಡುದಿಲ್ಲೆ ಅಲ್ದಾ? ಬೂತಾಯಿ ಎಲ್ಲಿತ್ತ್?"

ಆ ಕಡೆಯಿಂದ ಫೋನು ಕಟ್ಟಾಯಿತು.

ಮರುದಿನ ಮೊದಲ ಬಸ್ಸಿಗೆ ಗಿರಿಜ ಹೊರಟಳು, ಜೊತೆಗೆ ನಾನು. ಶ್ರಾವ್ಯ ಸಂದರ್ಶಕರ ಕೋಣೆಗೆ ಬಂದಳು. ತಾಯಿ ಹೊಲಿದುಕೊಟ್ಟ ಚೂಡಿದಾರ ಮೈಮೇಲೆ ಜೋಲುತ್ತಿತ್ತು. ಗಿರಿಜ ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಯಾಕೆ ಎಂದಷ್ಟೇ ಕೇಳಿದಳು.

"ಇಲ್ಲ್ ಎಂತದೂ ಆತಿಲ್ಲೆ ಅಮ್ಮ. ಏಳುದ್, ಓದುದ್, ಟೆಸ್ಟ್ ಕೊಡುದ್, ಮನಿಕಂಬುದ್. ಯಾರೂ ಯಾರತ್ರನೂ ಮಾತಾಡುದಿಲ್ಲೆ. ನೀವೆಲ್ಲ ಅಂಗ್ಡಿಯೊಳ್ಗ್ ಕಾದ್ಕಂಡ್ ಕೂಕಂತ್ರಿ. ಎಂತದೂ ಇಲ್ಲೆ ಅಂದೇಳಿ ಹ್ಯಾಂಗ್ ಹೇಳುದ್?"

ಚಿಕ್ಕಂದಿನಿಂದ ಗಿರಿಜ ಬಯಸಿದ ಹಾಸ್ಟೆಲ್ ಅದು. ತನಗೆ ಸಿಗದ್ದು ಮಗಳಿಗಾದರೂ ಸಿಕ್ಕಿತೆಂದು ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದಳು. ಈಗ ಎದ್ದು ಸೆರಗು ಸರಿ ಮಾಡಿಕೊಂಡಳು.

"ಟ್ರಂಕ್ ತಕಂಡ್ ಬಾ. ಮನಿಗೆ ಹೋಪ."

ಶ್ರಾವ್ಯ ಈಗ ಕುಂದಾಪುರದ ಸರಕಾರಿ ಕಾಲೇಜಿಗೆ ಹೋಗುತ್ತಾಳೆ. ಮೊದಲ ದಿನ ಸಂಜೆ ಅಂಗಡಿಗೆ ಬಂದಾಗ ನಾವು ಮೂವರೂ ಬಾಯಿ ಬಿಗಿಹಿಡಿದು ಕೂತಿದ್ದೆವು, ಏನೂ ಕೇಳಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಹುಡುಗಿಯೇ ಚೀಲ ಇಳಿಸಿ ಹೇಳತೊಡಗಿದಳು. ಬಸ್ಸಿನಲ್ಲಿ ನಿಂತೇ ಹೋದದ್ದು, ಫಿಸಿಕ್ಸ್ ಮೇಡಂ ರಜೆ, ಗೆಳತಿ ಅಕ್ಷಯಾ ತಂದ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ. ನಮ್ಮ ಯಾವ ಪುಸ್ತಕದಲ್ಲೂ ಇಲ್ಲದ ದಿನ. ಗಿರಿಜ ಪೆಡಲಿನಿಂದ ಕಾಲು ತೆಗೆದು, ಮಗಳ ಮುಖ ನೋಡುತ್ತ, ಉಪ್ಪಿಟ್ಟಿನವರೆಗೂ ಕೇಳಿದಳು.