ಅಕ್ಕನ ಎಕ್ಸ್‌ರೇ

ಎಪ್ಪತ್ತರ ದಶಕದ ಒಂದು ಬೇಸಿಗೆ. ಅಕ್ಕನಿಗೆ ಮೂತ್ರದಲ್ಲಿ ರಕ್ತ ಬರುತ್ತಿತ್ತು. ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಯಲ್ಲದಕೆರೆಯಿಂದ ನಮ್ಮಿಬ್ಬರನ್ನೂ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಕ್ಕನಿಗೆ ಹತ್ತೊಂಬತ್ತು, ನನಗೆ ಹದಿನಾಲ್ಕು. ಅಮ್ಮ ಇರಲಿಲ್ಲ. ನಾನು ಚಿಕ್ಕವಳಿದ್ದಾಗಲೇ ಹೊಟ್ಟೆ ಊದಿಕೊಂಡು ತೀರಿಹೋಗಿದ್ದಳು.

ಪರೀಕ್ಷೆಗೆಂದು ಹಿಂದಿನ ದಿನದಿಂದ ಅಕ್ಕನಿಗೆ ಅನ್ನನೀರು ಇಲ್ಲ. ಕೈಗೆ ಔಷಧಿ ಚುಚ್ಚಿ, ಬಿಟ್ಟುಬಿಟ್ಟು ಐದಾರು ಎಕ್ಸ್‌ರೇ ತೆಗೆದರು. ಮೈಯೆಲ್ಲ ಸುಟ್ಟ ಹಾಗಾಯಿತು ಎನ್ನುತ್ತಾ ಗೋಡೆ ಹಿಡಿದು ಹೊರಗೆ ಬಂದಳು.

ಡಾಕ್ಟರು ಪಟಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. "ಎರಡೂ ಕಿಡ್ನಿ ತುಂಬಾ ನೀರಿನ ಗುಳ್ಳೆಗಳಿವೆ. ಅಪರೂಪದ ಕಾಯಿಲೆ. ಇದಕ್ಕೆ ಔಷಧಿ ಇಲ್ಲ" ಎಂದರು. ಅಷ್ಟು ಸಲೀಸಾಗಿ ಹೇಳಿದ ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಪ್ಪ ನೆಲಕ್ಕೆ ಕುಸಿದ. "ನಾನೇ ಕೊಂದೆ ಸ್ವಾಮಿ. ಕುರಿ ಒಳಗೂ ಹಿಂಗೇ ಗುಳ್ಳೆ ಇರ್ತಾವೆ. ನಾನೇ ತಿನ್ನಿಸ್ದೆ."

ನಮ್ಮ ಮನೆಯಲ್ಲಿ ಕುರಿ ಕೊಯ್ದ ದಿನ ಅದರ ಮೂತ್ರಪಿಂಡವನ್ನು ಕೆಂಡದ ಮೇಲೆ ಸುಟ್ಟು ಹಿರಿಮಗಳಿಗೇ ಕೊಡುವುದು ರೂಢಿ. ಗುಳ್ಳೆ ಕಂಡರೆ ಅಪ್ಪ ಅಷ್ಟನ್ನು ಕೆತ್ತಿ ಎಸೆದು ಉಳಿದದ್ದನ್ನು ಸುಡುತ್ತಿದ್ದ. ನನಗೆ ಬರೀ ವಾಸನೆ. ಆ ಹೊಟ್ಟೆಕಿಚ್ಚು ನನಗೆ ಬಹಳ ದಿನ ಇತ್ತು.

"ಕುರಿಯಿಂದ ಬಂದದ್ದಲ್ಲ ಯಜಮಾನ್ರೆ, ಇದು ವಂಶದಲ್ಲೇ ಬರುತ್ತೆ. ಇವರ ತಾಯಿ ಹೇಗೆ ತೀರಿಕೊಂಡ್ರು?" ಎಂದು ಡಾಕ್ಟರು ಕೇಳಿದರು. ಆಮೇಲೆ ನನ್ನ ಕಡೆ ನೋಡಿ, "ಈ ಹುಡುಗಿಗೂ ಒಂದ್ಸಲ ತೆಗೆಸಿಬಿಡೋಣ" ಎಂದರು.

ಅಪ್ಪ ಥಟ್ಟನೆ ಎದ್ದು ನಿಂತ. "ಬ್ಯಾಡ್ರಿ! ಕುರಿಯಿಂದ್ಲೇ ಬಂದೈತೆ. ಸಣ್ಣೋಳಿಗೆ ನಾನು ಒಂದು ತುಂಡೂ ಕೊಟ್ಟಿಲ್ಲ. ಅವಳಿಗೇನೂ ಆಗಿಲ್ಲ."

ಊರಿಗೆ ಮರಳುವಾಗ ಹಿರಿಯೂರಿನ ಬಸ್ಸಿನಲ್ಲಿ ಅಪ್ಪ ಪಟಗಳನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ. "ನೀನು ಯಾವತ್ತೂ ತಿಂದಿಲ್ಲ, ಅಲ್ವೇನವ್ವ?"

ಆ ವಾಸನೆಗೆ ನಾನು ಅಳುತ್ತೇನೆಂದು ಅಕ್ಕ ಆಮೇಲಾಮೇಲೆ ನನ್ನನ್ನು ಹಿತ್ತಿಲಿಗೆ ಕರೆದು, ತನ್ನ ಪಾಲಿನಲ್ಲಿ ಅರ್ಧ ಮುರಿದು ನನ್ನ ಬಾಯಿಗಿಡುತ್ತಿದ್ದಳು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು.

"ಇಲ್ಲಪ್ಪ, ಅವಳಿಗೆಲ್ಲಿ ಕೊಡ್ತಿದ್ದೆ. ಎಲ್ಲ ನಾನೇ ತಿಂದೆ" ಎಂದಳು.