ರೀಸೈಕಲ್ ಬಿನ್ನಿಗೆ ನಾನಿಟ್ಟ ಹೆಸರು

ಇವತ್ತು ಕಾಲೇಜ್ ಲ್ಯಾಬಿನ ಮೂಲೆಯಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕಂಡಿದ್ದೇ ಸಿಟ್ಟು ಬಂತು.

ಯಲ್ಲಾಪುರದ ಹಾಸ್ಟೆಲ್ ಶಾಲೆಯಲ್ಲೂ ಅಂಥದ್ದೇ ಇತ್ತು. ವಾಲ್‌ಪೇಪರ್, ಐಕಾನ್ ಎಲ್ಲ ಬದಲಿಸಿ, ಕೊನೆಗೆ ಒಳಗಿನ ಸೆಟ್ಟಿಂಗ್ ಎಲ್ಲ ಇರುವ ರಿಜಿಸ್ಟ್ರಿಗೇ ಕೈ ಹಾಕಿ, ಅಳಿಸಿದ ಫೈಲ್ ಹೋಗಿ ಬೀಳುವ ರೀಸೈಕಲ್ ಬಿನ್ನಿಗೆ ‘ಗೊಬ್ಬರಗುಂಡಿ’ ಅಂತ ಹೆಸರಿಟ್ಟಿದ್ದೆ. ಇಡಗುಂದಿಯ ನಮ್ಮನೆಯಲ್ಲಿ ಅಮ್ಮ ಕಸ ಎಸೆಯುತ್ತಿರಲಿಲ್ಲ. ಎಲ್ಲ ಗೊಬ್ಬರಗುಂಡಿಗೆ, ಅಲ್ಲಿಂದ ಗದ್ದೆಗೆ.

“ಎಂತದೇ ಇದು, ಸಗಣಿ ವಾಸನೆ?” ಅಂದರು ಕಂಪ್ಯೂಟರ್ ಸರ್.

“ಹಾಕಿದ್ದು ವಾಪಸ್ ಬರ್ತದಲ್ಲ ಸರ್, ಅದಕ್ಕೆ.”

“ನೀನೇ ಒಂದು ಗುಂಡಿ.”

ಕ್ಲಾಸೆಲ್ಲ ನಕ್ಕಿತು. ಸರ್ ಕೂತಲ್ಲೇ ಬಿನ್ನಿಗೆ ಹಳೇ ಹೆಸರು ತಂದಿಟ್ಟರು. ಹಾಸ್ಟೆಲ್ ಬಿಡುವವರೆಗೂ ಎಲ್ಲರಿಗೂ ನಾನು ಗುಂಡಿ.

ಇವತ್ತು ಲ್ಯಾಬಿನ ಬಾಗಿಲಲ್ಲಿ ಅದೇ ಹಾಸ್ಟೆಲಿನವಳೊಬ್ಬಳು ಕೂಗಿದಳು, “ಏ ಗುಂಡಿ, ನೀನೂ ಇಲ್ಲೇನಾ?”

ಬಿನ್ನಿನ ಹೆಸರು ಅವತ್ತೇ ವಾಪಸ್ ಬಂದಿತ್ತು. ನನ್ನದು ಇನ್ನೂ ಬಂದಿಲ್ಲ.